ಪ್ರಸಾದದ ಪ್ರಶ್ನೆ

ಕಳೆದ ಗಣೇಶನ ಹಬ್ಬದಂದು ರಾವ್ ತುಲಾರಾಂ ಮಾರ್ಗದ ನಮ್ಮ ಸಂಘದ ಕಟ್ಟಡದಲ್ಲಿ ಪೂಜೆ ಮುಗಿದು ಪ್ರಸಾದ ಹಂಚುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ನಾನೂ ಒಂದು ದೊನ್ನೆಯಲ್ಲಿ ಕೋಸಂಬರಿ, ಪಂಚಕಜ್ಜಾಯ ಹಿಡಿದುಕೊಂಡಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಹೆಸರು ಬಲ್ಲವರು. ದನಿ ತಗ್ಗಿಸಿ, "ಅಲ್ಲಾ ಸ್ವಾಮಿ, ಕೇಳ್ತೀನಿ ಅಂತ ತಪ್ಪು ತಿಳೀಬೇಡಿ. ನಿಮ್ಮ ಮತದವರು ಇದನ್ನ ತಿನ್ನಬಹುದೋ?" ಎಂದರು. "ಆಗಲೇ ತಿಂದಾಯಿತಲ್ಲ ಸಾರ್" ಎಂದೆ. ಇಬ್ಬರೂ ನಕ್ಕೆವು. ಮಾತು ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದು ಅವರು ತಿಳಿದಿರಬೇಕು. ನನಗೆ ಮಾತ್ರ ಆ ಪ್ರಶ್ನೆ ಮನೆಯತನಕವೂ ಜತೆಗೇ ಬಂತು. ಏಕೆಂದರೆ ನನ್ನ ತಾಯಿ ಬದುಕಿದ್ದಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಆಕೆ ತಿನ್ನುತ್ತಿರಲಿಲ್ಲ. ಹಾಗೆಂದು ಆಕೆಗೆ ಬೇರೆ ಮತದವರ ಮೇಲೆ ದ್ವೇಷವಿತ್ತೇ ಎಂದು ಕೇಳಿದರೆ, ಅದಕ್ಕೆ ಉತ್ತರ ಹೇಳಲು ಒಂದು ಸಣ್ಣ ನಗು ಸಾಲದು, ಇಷ್ಟುದ್ದ ಬರೆಯಬೇಕಾಗುತ್ತದೆ.

ನಾನು ಕಾರ್ಕಳದ ಕಡೆಯ ಕ್ಯಾಥೊಲಿಕ. ಮನೆಯಲ್ಲಿ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಗೆ ಹೋದರೆ ಕನ್ನಡ. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಬರೆದು 2005ರಲ್ಲಿ ದಿಲ್ಲಿಗೆ ಗುಮಾಸ್ತನಾಗಿ ಬಂದವನು. ಅಂದಿನಿಂದ ಕಡತಗಳ ನಡುವೆಯೇ ಇದ್ದೇನೆ. ಕಾರ್ಕಳವನ್ನು ನೋಡಿದವರಿಗೆ ಗೊತ್ತು: ಗುಡ್ಡದ ಮೇಲೆ 1432ರಲ್ಲಿ ನಿಲ್ಲಿಸಿದ ಬಾಹುಬಲಿ, ಪೇಟೆಯಲ್ಲಿ ವೆಂಕಟರಮಣ, ಸ್ವಲ್ಪ ಆಚೆಗೆ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿ. ಜನವರಿಯಲ್ಲಿ ಅಲ್ಲಿ ನಡೆಯುವ ಹಬ್ಬಕ್ಕೆ ಊರವರೆಲ್ಲ ಹೇಳುವುದು 'ಅತ್ತೂರು ಸಾಂತ್‌ಮಾರಿ' ಎಂದು. ಬಂಟರು, ಬಿಲ್ಲವರು, ಜೈನರು, ಭಟ್ಟರ ಮನೆಯವರು ಎಲ್ಲರೂ ಬಂದು ಮೇಣದ ಬತ್ತಿ ಹಚ್ಚಿ ಹೋಗುತ್ತಾರೆ. ಹರಕೆ ಹೊತ್ತವರಲ್ಲಿ ನಮ್ಮವರೆಷ್ಟು, ಬೇರೆಯವರೆಷ್ಟು ಎಂದು ಎಣಿಸಲು ಹೊರಟವನನ್ನು ನಾನು ಕಂಡಿಲ್ಲ.

ಹುಡುಗನಾಗಿದ್ದಾಗ ಒಂದು ವಿಷಯ ನನ್ನನ್ನು ಕಾಡುತ್ತಿತ್ತು. ಅವರು ನಮ್ಮ ಸಂತನಿಗೆ ಬತ್ತಿ ಹಚ್ಚುವುದು ನನ್ನ ತಾಯಿಗೆ ಸಹಜವಾಗಿ ಕಾಣುತ್ತಿತ್ತು. "ಸಂತರು ಎಲ್ಲರಿಗೂ ಉಂಟು" ಎನ್ನುತ್ತಿದ್ದಳು. ಆದರೆ ಪಕ್ಕದ ಮನೆಯವರು ದೇವಸ್ಥಾನದಿಂದ ತಂದ ಪಂಚಕಜ್ಜಾಯವನ್ನು ಎರಡೂ ಕೈಯಿಂದ ಮರ್ಯಾದೆಯಿಂದ ತೆಗೆದುಕೊಂಡು, ಅವರು ಹೋದ ಮೇಲೆ ದನಕ್ಕೆ ಹಾಕುತ್ತಿದ್ದಳು. ಎಸೆಯುತ್ತಿರಲಿಲ್ಲ, ತಿನ್ನುತ್ತಲೂ ಇರಲಿಲ್ಲ. ಬೇರೆಯವರು ನಮ್ಮಲ್ಲಿಗೆ ಬರಬಹುದು, ನಾವು ಅವರಲ್ಲಿಗೆ ಹೋಗುವಂತಿಲ್ಲ, ಇದೆಂಥ ನ್ಯಾಯ? ಕೇಳಿದರೆ, "ದೊತೊರ್ನಿನಲ್ಲಿ ಹಾಗೆ ಕಲಿಸಿದ್ದು" ಎಂಬ ಉತ್ತರ. ದೊತೊರ್ನ್ ಎಂದರೆ ಮಕ್ಕಳಿಗೆ ಕಲಿಸುವ ಧರ್ಮಪಾಠ. ಆಕೆ ಅದನ್ನು ಬಾಯಿಪಾಠ ಮಾಡಿದ್ದು 1950ರ ದಶಕದಲ್ಲಿ, ಪೂಜೆ ಇನ್ನೂ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ.

ಬೈಬಲಿನಲ್ಲಿ ಈ ಪ್ರಶ್ನೆ ಇದೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಸಂತ ಪೌಲರು ಗ್ರೀಸಿನ ಕೊರಿಂಥ ಪಟ್ಟಣದ ಹೊಸ ಕ್ರೈಸ್ತರಿಗೆ ಬರೆದ ಮೊದಲ ಪತ್ರದಲ್ಲಿ ಇದರ ಮೇಲೆ ಅಧ್ಯಾಯಗಳೇ ಇವೆ. ಆ ಊರಿನ ಮಾಂಸದಂಗಡಿಗೆ ಬರುತ್ತಿದ್ದ ಮಾಂಸದಲ್ಲಿ ದೇಗುಲಗಳಲ್ಲಿ ಬಲಿಕೊಟ್ಟದ್ದೂ ಇರುತ್ತಿತ್ತು. ತಿನ್ನಬಹುದೋ ಬಾರದೋ ಎಂದು ಜಗಳ. ಪೌಲರ ಉತ್ತರ ಒಂದೇ ಮಾತಿನದಲ್ಲ. ಆಹಾರದಿಂದ ಯಾರೂ ದೇವರಿಗೆ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ; ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಿಸದೆ ಉಣ್ಣಿ; ಆದರೆ ನೀವು ತಿನ್ನುವುದರಿಂದ ಇನ್ನೊಬ್ಬನ ಮನಸ್ಸು ಕದಡುವುದಾದರೆ ಬಿಟ್ಟುಬಿಡಿ. ಅದೇ ಪತ್ರದಲ್ಲಿ ದೇವರ ಪಂಕ್ತಿ, ವಿಗ್ರಹದ ಪಂಕ್ತಿ ಎರಡರಲ್ಲೂ ಕೂರಲಾಗದು ಎಂಬ ಕಟು ಮಾತೂ ಇದೆ. ತಾಯಿಗೆ ಕಲಿಸಿದವರು ಆ ಕೊನೆಯ ಮಾತನ್ನು ಹಿಡಿದುಕೊಂಡರು, ನಾನು ಮೊದಲಿನವನ್ನು ಹಿಡಿದುಕೊಂಡೆ. ಒಂದೇ ಸುತ್ತೋಲೆಯನ್ನು ಎರಡು ವಿಭಾಗಗಳು ಎರಡು ರೀತಿ ಓದುವುದು ನಮ್ಮ ಕಚೇರಿಗೆ ಹೊಸದೇನಲ್ಲ.

ಸುತ್ತೋಲೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಬೇರೆ ಧರ್ಮಗಳ ಬಗ್ಗೆ ಒಂದು ಚಿಕ್ಕ ಘೋಷಣೆ ಹೊರಡಿಸಿತು. ಹೆಸರು 'ನೋಸ್ತ್ರಾ ಎತಾತೆ', ಅಂದರೆ 'ನಮ್ಮ ಕಾಲದಲ್ಲಿ'. ತಾರೀಖು 1965ರ ಅಕ್ಟೋಬರ್ 28. ಶುರುವಾದದ್ದು ಯೆಹೂದ್ಯರ ವಿಷಯದಿಂದ. ಹಿಟ್ಲರನ ಕಾಲದಲ್ಲಿ ಅವರ ಮೇಲೆ ನಡೆದದ್ದನ್ನು ಕಂಡ ಮೇಲೆ, ಕ್ರೈಸ್ತರು ಶತಮಾನಗಳಿಂದ ಅವರ ಬಗ್ಗೆ ಆಡುತ್ತ ಬಂದ ಮಾತುಗಳನ್ನು ತಿದ್ದಿಕೊಳ್ಳಬೇಕೆಂದು ಪೋಪ್ 23ನೆಯ ಜಾನ್ ಅವರಿಗೆ ಅನ್ನಿಸಿತು. ಬರೆಯುತ್ತ ಹೋದಂತೆ ಮುಸಲ್ಮಾನರು, ಹಿಂದೂಗಳು, ಬೌದ್ಧರು ಎಲ್ಲರೂ ಅದರೊಳಗೆ ಬಂದರು. ಆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಚರ್ಚು ತಳ್ಳಿಹಾಕುವುದಿಲ್ಲ ಎಂಬುದು ಅದರ ತಿರುಳು. ಪರವಾಗಿ 2221 ಮತ, ವಿರೋಧವಾಗಿ 88. ಆ 88 ಮಂದಿಯ ಬಗ್ಗೆ ನನಗೆ ಸಿಟ್ಟಿಲ್ಲ. ನನ್ನ ತಾಯಿಗೆ ಮತವಿದ್ದಿದ್ದರೆ 89 ಆಗುತ್ತಿತ್ತೋ ಏನೋ.

ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಘೋಷಣೆ ಬಂತು: ಮತದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಕೂಡದು, ಅದು ಮನುಷ್ಯನ ಘನತೆಗೇ ಸೇರಿದ್ದು ಎಂದು. ಇವೆಲ್ಲ ಕಾರ್ಕಳದ ಹಳ್ಳಿಗೆ ತಲುಪುವುದಕ್ಕೆ ಎಷ್ಟು ಕಾಲ ಬೇಕು! ತಲುಪಿದ್ದು ಮೊದಲು ಭಾಷೆಯ ರೂಪದಲ್ಲಿ. ಲ್ಯಾಟಿನ್ ಹೋಗಿ ಕೊಂಕಣಿ, ಕನ್ನಡ ಬಂದವು. ಆಮೇಲೆ 1969ರಲ್ಲಿ ನಮ್ಮ ದೇಶದ ಬಿಷಪ್ಪರು ಕೇಳಿಕೊಂಡ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು: ಪೂಜೆಯಲ್ಲಿ ನೆಲದ ಮೇಲೆ ಕೂರಬಹುದು, ಪಾದರಕ್ಷೆ ಬಿಡಬಹುದು, ಕೈ ಮುಗಿದು ನಮಸ್ಕರಿಸಬಹುದು, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ ಇಡಬಹುದು, ಆರತಿ ಎತ್ತಬಹುದು. ಇದರ ಹಿಂದೆ ದುಡಿದ ಫಾದರ್ ಅಮಲೋರ್ಪವದಾಸರು ಬೆಂಗಳೂರಿನ ರಾಷ್ಟ್ರೀಯ ಕೇಂದ್ರವೊಂದನ್ನು ನಡೆಸಿದವರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಪೀಠಕ್ಕೆ ಮೊದಲ ಮುಖ್ಯಸ್ಥರಾಗಿ, ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಇಗರ್ಜಿಯಲ್ಲಿ ಮೊದಲ ಬಾರಿ ಕಾಲುದೀಪ ಕಂಡ ನನ್ನ ತಾಯಿ, "ಇದೆಂತ, ದೇವಸ್ಥಾನವಾ?" ಎಂದು ಗೊಣಗಿದಳಂತೆ. ಕೆಲವು ವರ್ಷಗಳ ಮೇಲೆ ಅದೇ ದೀಪಕ್ಕೆ ಎಣ್ಣೆ ಹೊಯ್ಯುವ ಕೆಲಸ ಆಕೆಯದೇ ಆಗಿತ್ತು.

ಎಲ್ಲವೂ ಹೀಗೆ ಎಣ್ಣೆಯ ಹಾಗೆ ನುಣ್ಣಗೆ ಸಾಗಿತು ಎಂದರೆ ಸುಳ್ಳಾಗುತ್ತದೆ. 1999ರ ನವೆಂಬರಿನಲ್ಲಿ ಪೋಪ್ ಎರಡನೆಯ ಜಾನ್ ಪೌಲರು ದಿಲ್ಲಿಗೆ ಬಂದಾಗ ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. 7ನೆಯ ತಾರೀಖು, ದೀಪಾವಳಿಯ ದಿನವೇ, ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ದೊಡ್ಡ ಪೂಜೆ. ವಿಜ್ಞಾನ ಭವನದಲ್ಲಿ ಎಲ್ಲ ಧರ್ಮದವರ ಸಭೆ. ಆದರೆ ಅದರ ಹಿಂದಿನ ದಿನ ಗೋಲ್ ಡಾಕ್‌ಖಾನಾದ ಕೆಥೆಡ್ರಲಿನಲ್ಲಿ ಅವರು ಬಿಡುಗಡೆ ಮಾಡಿದ ದಸ್ತಾವೇಜಿನಲ್ಲಿ, ಮೂರನೆಯ ಸಹಸ್ರಮಾನದಲ್ಲಿ ಏಷ್ಯಾದಲ್ಲಿ ವಿಶ್ವಾಸದ ದೊಡ್ಡ ಸುಗ್ಗಿಯಾಗಲಿ ಎಂಬ ಆಶಯವಿತ್ತು. ಪ್ರಯೋಗಾಲಯದಲ್ಲಿ ನನ್ನ ಜತೆಗಾರ, ಆತ್ಮೀಯ ಗೆಳೆಯ, ಬ್ಯುರೆಟ್ಟಿಗೆ ದ್ರಾವಣ ತುಂಬುತ್ತ, "ಸುಗ್ಗಿ ಅಂದ್ರೆ ನಮ್ಮನ್ನ ಕೊಯ್ಯೋದಾ?" ಎಂದು ಕೇಳಿದ. ನನಗೆ ಉತ್ತರ ತೋಚಲಿಲ್ಲ. ಒಂದು ಕೈಯಿಂದ ದೀಪ ಹಚ್ಚಿ ಇನ್ನೊಂದು ಕೈಯಲ್ಲಿ ಕುಡುಗೋಲು ಹಿಡಿದ ಹಾಗೆ ಅವನಿಗೆ ಕಂಡಿದ್ದರೆ ಅದು ಅವನ ತಪ್ಪಲ್ಲ ಎಂದು ಇಂದಿಗೂ ನನ್ನ ಅಭಿಪ್ರಾಯ. ಒಳಗಿನವರಿಗೆ ಬರೆದ ಮಾತನ್ನು ಹೊರಗಿನವರೂ ಓದುತ್ತಾರೆಂಬುದು ದೊಡ್ಡವರಿಗೆ ಕೆಲವೊಮ್ಮೆ ಮರೆತುಹೋಗುತ್ತದೆ.

ಆಮೇಲೆ 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯ ಬಳಿಯ ಆರಾಧನಾ ಮಠದ ಮೇಲೆ ದಾಳಿಯಾದ ಸುದ್ದಿ. ದಿಲ್ಲಿಯಲ್ಲಿ ಕೂತು ಊರಿಗೆ ಫೋನು ಮಾಡಿದರೆ ತಾಯಿ ಹೇಳಿದ್ದಿಷ್ಟೆ: "ನಾವು ಚೆನ್ನಾಗಿ ಉಂಟು. ಪಕ್ಕದ ಮನೆಯ ಶೆಟ್ರು ರಾತ್ರಿ ನಮ್ಮ ಜಗಲಿಯಲ್ಲೇ ಮಲಗಿದ್ದರು." ಯಾರ ಮನೆಯ ಪಂಚಕಜ್ಜಾಯ ದನದ ಬಾಯಿಗೆ ಹೋಗುತ್ತಿತ್ತೋ, ಆ ಶೆಟ್ಟರು.

ತಂದೆ ತೀರಿಕೊಂಡ ಮೇಲೆ 2012ರಲ್ಲಿ ತಾಯಿಯನ್ನು ಆರ್.ಕೆ. ಪುರಂ ಕ್ವಾರ್ಟರ್ಸಿಗೆ ಕರೆತಂದೆ. ಹಿಂದಿ ಬಾರದು, ಅಂಗಳವಿಲ್ಲ, ಬಾವಿಯಿಲ್ಲ. ಮೊದಲ ತಿಂಗಳಿಡೀ ಕಿಟಕಿಯ ಪಕ್ಕದಲ್ಲಿ ಜಪಸರ ಹಿಡಿದು ಕೂತಿರುತ್ತಿದ್ದಳು. ನಮ್ಮ ಕೆಳಗಿನ ಮನೆಯಲ್ಲಿ ತೀರ್ಥಹಳ್ಳಿಯ ಕಡೆಯ ಬ್ರಾಹ್ಮಣ ಕುಟುಂಬ. ಯಜಮಾನರು ಇನ್ನೊಂದು ಮಂತ್ರಾಲಯದಲ್ಲಿ ಅಧಿಕಾರಿ. ಇಲ್ಲಿ ಅವರನ್ನು ರಾಯರೆಂದೇ ಕರೆಯುತ್ತೇನೆ. ಅವರ ತಾಯಿಯೂ ವಿಧವೆ, ಅವರಿಗೂ ಹಿಂದಿ ಬಾರದು, ಅವರೂ ಕಿಟಕಿಯ ಪಕ್ಕದಲ್ಲಿ ಕೂರುವವರೇ. ಚಳಿಗಾಲದ ಒಂದು ಬೆಳಿಗ್ಗೆ ಬಿಸಿಲಿಗೆಂದು ಕೆಳಗಿಳಿದ ಇಬ್ಬರು ಮುದುಕಿಯರು ಒಬ್ಬರ ಬಾಯಲ್ಲಿ 'ಎಂತ' ಎಂಬ ಮಾತು ಕೇಳಿ ಇನ್ನೊಬ್ಬರು ತಿರುಗಿ ನೋಡಿದರಂತೆ. ಬೆಂಗಳೂರಿನ ಕಡೆಯವರು ನಗುವ ಆ 'ಎಂತ' ಇಬ್ಬರಿಗೂ ಒಂದೇ ಆಗಿತ್ತು. ಅಂದಿನಿಂದ ದಿನವೂ ಹತ್ತರಿಂದ ಹನ್ನೆರಡರವರೆಗೆ ಹುಲ್ಲಿನ ಮೇಲೆ ಚಾಪೆ, ಬಟಾಣಿ ಸುಲಿಯುವುದು, ಅವರ ಊರಿನ ಮಳೆ, ಇವಳ ಊರಿನ ಮಳೆ. ತಮ್ಮೂರಿನಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುತ್ತಿದ್ದಂತೆ ಅಜ್ಜಿ ನನ್ನ ತಾಯಿಯನ್ನು 'ಬಾಯಮ್ಮ' ಎಂದರು. ತಾಯಿ ಅವರನ್ನು 'ಅಮ್ಮ' ಎಂದಳು, ವಯಸ್ಸಿನಲ್ಲಿ ಹೆಚ್ಚು ಅಂತರವಿಲ್ಲದಿದ್ದರೂ.

ಆದರೆ ಊಟ ತಿಂಡಿ ಇಲ್ಲ. ಅಜ್ಜಿ ಮಡಿಯವರು, ನಮ್ಮ ಮನೆಯಲ್ಲಿ ಹಂದಿಮಾಂಸ ಬೇಯುವುದು ಅವರಿಗೆ ಗೊತ್ತು. ನಮ್ಮಲ್ಲಿ ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಇತ್ತ ತಾಯಿಯೂ ಅವರ ಮನೆಯ ನೈವೇದ್ಯದ ಕಡುಬನ್ನು ಮುಟ್ಟಲಿಲ್ಲ. ದಿಲ್ಲಿಯಲ್ಲಿ ಹಾಕಲು ದನವೂ ಇಲ್ಲ! ಮೊದಲ ಗಣೇಶನ ಹಬ್ಬದಲ್ಲಿ ರಾಯರ ಹೆಂಡತಿ ತಟ್ಟೆ ತಂದಾಗ ತಾಯಿ ನೇರವಾಗಿ ಹೇಳಿಬಿಟ್ಟಳು: "ಮಕ್ಕಳು ತಿನ್ನುತ್ತಾರೆ ಮಗಾ, ಕೊಡು. ನನಗೆ ಮಾತ್ರ ಬೇಡ, ನಮ್ಮಲ್ಲಿ ಹಾಗೆ." ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಸಂಜೆ ಕ್ಷಮೆ ಕೇಳಲು ಕೆಳಗಿಳಿದರೆ ಅಜ್ಜಿ, "ಅದಕ್ಕೆಂತ? ನಾನು ನಿಮ್ಮಲ್ಲಿ ನೀರು ಕುಡೀತೀನಾ? ನಿಯಮ ಅಂದ್ರೆ ನಿಯಮ" ಎಂದರು. ನಾನು ನಾಚಿಕೊಂಡದ್ದನ್ನು ಆ ಇಬ್ಬರೂ ನಾಚಿಕೆ ಎಂದೇ ತಿಳಿದಿರಲಿಲ್ಲ.

ಇದನ್ನು ಆದರ್ಶವೆಂದು ಹೊಗಳುತ್ತಿದ್ದೇನೆಂದು ಓದುಗರು ಭಾವಿಸಬಾರದು. ಅಜ್ಜಿಯ ಮಡಿ ನಮಗೊಬ್ಬರಿಗೇ ಅಲ್ಲ, ಇನ್ನೂ ಎಷ್ಟೋ ಜನರಿಗೆ ಬಾಗಿಲು ಹಾಕಿತ್ತು; ಅದು ಜಾತಿಯ ಮಾತು. ನಮ್ಮಲ್ಲೂ ಅದು ಇಲ್ಲದಿಲ್ಲ. ದೀಕ್ಷಾಸ್ನಾನದ ನೀರಿನಲ್ಲಿ ಹೆಸರು ಬದಲಾಯಿತೇ ಹೊರತು, ಮದುವೆಯ ಸಂಬಂಧ ಹುಡುಕುವಾಗ ನಮ್ಮ ಹಿರಿಯರು ಇಂದಿಗೂ ಹಳೆಯ ಜಾತಿ ವಿಚಾರಿಸುತ್ತಾರೆ. ಈ ವಿಷಯದಲ್ಲಿ ಕ್ರೈಸ್ತರು ಬೇರೆಯವರಿಗೆ ಉಪದೇಶ ಮಾಡುವಷ್ಟು ಶುದ್ಧರಲ್ಲ. ಆದರೂ ಒಂದು ಮಾತು ಹೇಳಬೇಕು. ನನ್ನ ಕಚೇರಿಯಲ್ಲಿ ಎಲ್ಲರ ಜತೆ ಎಲ್ಲವನ್ನೂ ತಿನ್ನುವವನು ನಾನು. ಅವರಲ್ಲಿ ಎಷ್ಟು ಜನರ ತಾಯಿಯ ಊರು ನನಗೆ ಗೊತ್ತು?

ಆ ಗೋಡೆಯಲ್ಲಿ ಒಂದು ಕಿಂಡಿ ತೆರೆದದ್ದು 2013ರಲ್ಲಿ. ಸೆಪ್ಟೆಂಬರ್ 8 ನಮ್ಮಲ್ಲಿ ಮೊಂತಿ ಹಬ್ಬ, ಮಾತೆ ಮರಿಯಮ್ಮನವರು ಹುಟ್ಟಿದ ದಿನ. ಒಂಬತ್ತು ದಿನ ಮಕ್ಕಳು ಹೂವು ತಂದು ಬಾಲಮರಿಯಳ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ಬತ್ತದ ತೆನೆ ಆಶೀರ್ವದಿಸಿ ಹಂಚುತ್ತಾರೆ. ಮನೆಯಲ್ಲಿ ಹೊಸ ಅಕ್ಕಿ ಸೇರಿಸಿದ ಪಾಯಸ, ಬಾಳೆಲೆಯಲ್ಲಿ ಸಸ್ಯಾಹಾರದ ಊಟ. ತುಳುವರು ಮಾಡುವ ಕುರಲ್ ಪರ್ಬ, ಮಲೆನಾಡಿನ ಹೊಸತು, ಕೊಡಗಿನ ಹುತ್ತರಿ, ಇವೆಲ್ಲದರ ಒಡಹುಟ್ಟು ಅದು. ಆ ವರ್ಷ ಗೌರಿ ಹಬ್ಬವೂ 8ರಂದೇ, ಗಣೇಶನ ಹಬ್ಬ 9ರಂದು. ಊರಿನವರೊಬ್ಬರು ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತಿದ್ದರು. ಅವರ ಕೈಲಿ ತೆನೆ ತರಿಸಿದೆ. ಹಬ್ಬ ಮುಗಿದು ಮೂರು ದಿನದ ಮೇಲೆ, ನಿಜಾಮುದ್ದೀನ್ ನಿಲ್ದಾಣದಿಂದ ಪತ್ರಿಕೆಯಲ್ಲಿ ಸುತ್ತಿದ ಒಂದು ಹಿಡಿ ತೆನೆ ಹಿಡಿದು ಮನೆಗೆ ಬಂದೆ. ತಾಯಿ ಅದನ್ನು ಮುಖಕ್ಕೆ ಒತ್ತಿಕೊಂಡು ಸುಮ್ಮನೆ ನಿಂತಳು. ಆಮೇಲೆ ಎರಡು ತೆನೆ ಆರಿಸಿಕೊಂಡು ಕೆಳಗಿಳಿದಳು.

"ಅಯ್ಯೋ, ಕದಿರು! ದಿಲ್ಲಿಯಲ್ಲಿ ಎಲ್ಲಿ ಸಿಕ್ತು ಬಾಯಮ್ಮ?"

"ಊರಿನಿಂದ ಬಂತಮ್ಮ. ಇಗರ್ಜಿಯಲ್ಲಿ ಫಾದರ್ ಮಂತ್ರಿಸಿ ಕೊಟ್ಟದ್ದು. ಅದು ನಿಮಗೆ ಅಡ್ಡಿ ಆಗ್ತದಾ?"

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. "ಬತ್ತಕ್ಕೆಂತ ಮೈಲಿಗೆ? ಬೇಯಿಸಿದರಲ್ವಾ ಮಡಿ ಮೈಲಿಗೆ ಎಲ್ಲ" ಎಂದು ಕೈಚಾಚಿದರು.

ಮಾರನೆಯ ದಿನ ರಾಯರ ಬಾಗಿಲ ಮೇಲೆ ಮಾವಿನೆಲೆ, ಅರಿಸಿನದ ದಾರ, ಅದರ ಜತೆ ಅತ್ತೂರಿನ ಕಡೆಯ ತೆನೆ, ತೆನೆಗೆ ಕುಂಕುಮದ ಬೊಟ್ಟು. ಆ ಕುಂಕುಮ ಕಂಡು ತಾಯಿ ಏನೆನ್ನುವಳೋ ಎಂದು ನನಗೆ ಅಳುಕು. ಬಿಸಿಲಿನಿಂದ ಮೇಲೆ ಬಂದವಳು ಚಪ್ಪಲಿ ಬಿಡುತ್ತ, "ಚೆಂದ ಕಾಣ್ತದೆ" ಎಂದಳು. ಮುಂದಿನ ಪ್ರತಿ ವರ್ಷವೂ ಎರಡು ತೆನೆ ಕೆಳಮನೆಗೆ ಹೆಚ್ಚಿಗೆ ಬಂತು. ಬದಲಿಗೆ ಅಲ್ಲಿಂದ ಸುಲಿಯದ ತೆಂಗಿನಕಾಯಿ, ಬಾಳೆಹಣ್ಣಿನ ಚಿಪ್ಪು, ತೀರ್ಥಹಳ್ಳಿಯ ಅಡಿಕೆ. ಬೇಯಿಸದ ಎಲ್ಲವೂ ಮೆಟ್ಟಿಲು ಹತ್ತಿ ಇಳಿಯತೊಡಗಿತು.

ಗಂಡಸರಾದ ನಮ್ಮ ಸ್ನೇಹ ಅಷ್ಟು ಸುಲಭವಾಗಿರಲಿಲ್ಲ. ನಾವು ಪತ್ರಿಕೆ ಓದುವವರು. 2014ರ ಡಿಸೆಂಬರ್ 1ರಂದು ದಿಲ್ಶಾದ್ ಗಾರ್ಡನ್ನಿನ ಸಂತ ಸೆಬಾಸ್ಟಿಯನ್ ಇಗರ್ಜಿ ಬೆಂಕಿಗೆ ಸಿಕ್ಕಿತು. ಆ ಸಂಜೆ ರಾಯರೇ ಮೇಲೆ ಬಂದು, "ಏನಾದರೂ ಬೇಕಿದ್ದರೆ ಹೇಳಿ" ಎಂದು ಕೂತರು. ಹತ್ತು ದಿನ ಕಳೆದ ಮೇಲೆ, ಅದೇ ಕುರ್ಚಿಯಲ್ಲಿ ಕೂತು, "ನೋಡಿ, ಬೆಂಕಿ ಹಚ್ಚೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮವರು ಈ ಮತಾಂತರ ಅನ್ನೋದನ್ನ ಯಾಕೆ ಬಿಡೋದಿಲ್ಲ?" ಎಂದರು. ಹದಿನೈದು ವರ್ಷದ ಹಿಂದೆ ಪ್ರಯೋಗಾಲಯದಲ್ಲಿ ಕೇಳಿದ ಪ್ರಶ್ನೆಯೇ ಇದು. ಈ ಬಾರಿ ಬಾಯಿ ಬಂತು.

ಲೋಧಿ ಎಸ್ಟೇಟಿನ ನಮ್ಮ ಕನ್ನಡ ಶಾಲೆಗೆ ಹೋಗುವವರೆಲ್ಲ ಲೋಧಿ ರಸ್ತೆಯ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ಕಟ್ಟಡವನ್ನು ಕಂಡಿರಬಹುದು. ಅದನ್ನು 1951ರಲ್ಲಿ ಪುಣೆಯಲ್ಲಿ ಆರಂಭಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿ'ಸೋಜಾ. 1963ರಲ್ಲಿ ಅದು ದಿಲ್ಲಿಗೆ ಬಂತು. ಆ ಫಾದರ್ ಜೆರೋಮರು ಮದ್ರಾಸಿನಿಂದ ಸಂವಿಧಾನ ಸಭೆಯ ಸದಸ್ಯರಾಗಿದ್ದರು. ನಮ್ಮ ಕಡೆಯ ಪಾದ್ರಿಯೊಬ್ಬರು ದಿಲ್ಲಿಯಲ್ಲಿ ಕೂತು ಸಂವಿಧಾನ ಬರೆಯುವ ಸಭೆಯಲ್ಲಿ ಮಾತನಾಡಿದರೆಂಬುದು ರಾಯರಿಗೆ ಹೊಸ ಸುದ್ದಿ. 25ನೆಯ ವಿಧಿಯಲ್ಲಿ ಧರ್ಮವನ್ನು 'ಪ್ರಚಾರ ಮಾಡುವ' ಹಕ್ಕು ಇರಬೇಕೋ ಬೇಡವೋ ಎಂದು 1948ರ ಡಿಸೆಂಬರಿನಲ್ಲಿ ಬಿಸಿ ಚರ್ಚೆಯಾಯಿತು. ಆ ಪದ ಇರಲಿ ಎಂದು ವಾದಿಸಿದವರಲ್ಲಿ ಕೆ.ಎಂ. ಮುನ್ಶಿ, ಟಿ.ಟಿ. ಕೃಷ್ಣಮಾಚಾರಿಯವರಿದ್ದರು. ಇತ್ತ ಕ್ರೈಸ್ತ ಮುಖಂಡರು ತಮಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂದು ಬಿಟ್ಟುಕೊಟ್ಟರು. ನೆರೆಹೊರೆಯವರ ಸದ್ಭಾವವನ್ನೇ ನಂಬುತ್ತೇವೆ ಎಂಬ ಧಾಟಿ ಅದು. ಅಂದರೆ ಒಬ್ಬರು ಪದ ಕೊಟ್ಟರು, ಇನ್ನೊಬ್ಬರು ಪೀಠ ಬಿಟ್ಟರು. ಮುಂದೆ 1977ರಲ್ಲಿ ಸ್ಟೇನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ತೀರ್ಪಿತ್ತಿತು. ಆ ತೀರ್ಪನ್ನು ಒಪ್ಪದ ಕ್ರೈಸ್ತರು ಇದ್ದಾರೆ.

"ಅದು ಕಾನೂನಾಯ್ತು. ನೀವೇನಂತೀರಿ?" ಎಂದರು ರಾಯರು. ನಾನೆಂದೆ: "ಹಸಿದವನಿಗೆ ಅನ್ನ ತೋರಿಸಿ ಹೆಸರು ಬದಲಾಯಿಸುವುದು ಪಾಪ. 1965ರ ಘೋಷಣೆಯ ಪ್ರಕಾರವೂ ಅದು ತಪ್ಪೇ. ಆದರೆ ಒಬ್ಬ ತನ್ನ ಮನಸ್ಸಿನಿಂದಲೇ ಬರುತ್ತೇನೆಂದರೆ ಬಾಗಿಲು ಹಾಕಲು ನಾನು ಯಾರು? ಹೋಗುತ್ತೇನೆಂದರೂ ಅಷ್ಟೆ." ರಾಯರು ಪೂರ್ತಿ ಒಪ್ಪಲಿಲ್ಲ. ಬಡವನಿಗೆ ಸ್ವಂತ ಮನಸ್ಸು ಯಾವುದು, ಅನ್ನ ಯಾವುದು ಎಂದು ಬಿಡಿಸುವುದು ಯಾರು ಎಂಬ ಅವರ ಪ್ರಶ್ನೆಗೆ ನಾನೂ ಪೂರ್ತಿ ಉತ್ತರ ಕೊಡಲಿಲ್ಲ. ಕಾಫಿ ಆರಿಹೋಯಿತು. ರಾಯರು ನಮ್ಮಲ್ಲಿ ಕಾಫಿ ಕುಡಿಯುತ್ತಿದ್ದರು, ಅಜ್ಜಿಗೆ ತಿಳಿಯದ ಹಾಗೆ. 1995ರಿಂದ ವ್ಯಾಟಿಕನ್ ಪ್ರತಿ ವರ್ಷವೂ ಹಿಂದೂಗಳಿಗೆ ದೀಪಾವಳಿ ಸಂದೇಶ ಕಳಿಸುತ್ತದೆ. ಅದನ್ನು ಒಮ್ಮೆ ಅವರಿಗೆ ತೋರಿಸಿದರೆ ಓದಿ ನೋಡಿ, "ಭಾಷೆ ನಮ್ಮ ಮಂತ್ರಾಲಯದ್ದೇ" ಎಂದು ನಕ್ಕಿದ್ದರು.

ಸಂವಿಧಾನದ ಪ್ರಸ್ತಾವನೆಯಲ್ಲಿ ಅಂಬೇಡ್ಕರರ ಕರಡು ಸಮಿತಿ ಸೇರಿಸಿದ 'ಭ್ರಾತೃತ್ವ' ಎಂಬ ಮಾತು ಇದೆ. ಪೋಪ್ ಫ್ರಾನ್ಸಿಸರು 2020ರಲ್ಲಿ ಬರೆದ ವಿಶ್ವಪತ್ರದ ಹೆಸರೂ ಅದೇ ಅರ್ಥದ್ದು, 'ಎಲ್ಲರೂ ಸಹೋದರರು' ಎಂದು; ಅದರ ಕೊನೆಯಲ್ಲಿ ಅವರು ತಮಗೆ ಸ್ಫೂರ್ತಿ ಕೊಟ್ಟವರ ಸಾಲಿನಲ್ಲಿ ಗಾಂಧೀಜಿಯನ್ನೂ ನೆನೆದಿದ್ದಾರೆ. ದೊಡ್ಡ ಮಾತು, ಒಪ್ಪುತ್ತೇನೆ. ಆದರೆ ನಮ್ಮ ಕಡೆ ಅಣ್ಣತಮ್ಮಂದಿರೆಂದರೆ ಗದ್ದೆಯ ಅಂಚಿಗಾಗಿ ಕೋರ್ಟು ಹತ್ತುವವರು. ಮಹಾಭಾರತ ಕೇಳಿ ಬೆಳೆದ ನಾಡಿನಲ್ಲಿ ಸಹೋದರರಾಗಿ ಎಂದು ಹರಸುವಾಗ ಸ್ವಲ್ಪ ಎಚ್ಚರ ಬೇಕಲ್ಲವೆ?

ತಾಯಿ ತೀರಿಕೊಂಡದ್ದು 2019ರ ಜನವರಿಯಲ್ಲಿ, ಆಸ್ಪತ್ರೆಯಲ್ಲಿ, ಬೆಳಗಿನ ಜಾವ. ಶವ ತಂದಾಗ ಇನ್ನೂ ಕತ್ತಲೆ, ಮಂಜು. ರಾಯರು, ಅವರ ಹೆಂಡತಿ ಓಡಿ ಬಂದರು. ಅಜ್ಜಿ ಬರಲಿಲ್ಲ. ಕೆಳಗಿನ ಬಚ್ಚಲಲ್ಲಿ ಯಾರೋ ಬಿಂದಿಗೆ ಬಿಂದಿಗೆ ನೀರು ಸುರಿದುಕೊಳ್ಳುವ ಸದ್ದು ಪೈಪಿನಲ್ಲಿ ಮೇಲಿನವರೆಗೂ ಕೇಳುತ್ತಿತ್ತು. ಸೂರಿನ ಮೇಲೆ ಹೆಣವಿದೆಯೆಂದು ಮೈಲಿಗೆ ಕಳೆದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆರು ಚಳಿಗಾಲ ಒಂದೇ ಚಾಪೆಯ ಮೇಲೆ ಕೂತವರು, ಹದಿನಾರು ಮೆಟ್ಟಿಲು ಹತ್ತಿ ಒಮ್ಮೆ ಮುಖ ನೋಡಿ ಹೋಗಬಾರದಿತ್ತೆ? ದುಃಖಕ್ಕಿಂತ ಆ ನೋವೇ ಹೆಚ್ಚಾಯಿತು ಎಂದರೆ ಅತಿಶಯೋಕ್ತಿಯಲ್ಲ. ಬುರಾಡಿಯ ಸ್ಮಶಾನಕ್ಕೆ ರಾಯರು ಜತೆಗೆ ಬಂದು, ಎಲ್ಲರ ಹಾಗೆ ಹಿಡಿ ಮಣ್ಣು ಹಾಕಿದರು. ನಾನು ಅವರೊಡನೆ ಸರಿಯಾಗಿ ಮಾತನಾಡಲಿಲ್ಲ.

ಕೆಲವು ದಿನಗಳ ಮೇಲೆ ನನ್ನ ಹೆಂಡತಿ ಹೇಳಿದಳು. ಸುದ್ದಿ ಕೇಳಿದೊಡನೆ ಅಜ್ಜಿ ಎದ್ದು ಬಚ್ಚಲಿಗೆ ಹೋದರಂತೆ. ಸೊಸೆ ಗೀಸರ್ ಹಾಕಲು ಹೋದರೆ ಬಿಡಲಿಲ್ಲವಂತೆ. ತಲೆಯ ಮೇಲೆ ತಣ್ಣೀರು, ಜನವರಿಯ ದಿಲ್ಲಿಯಲ್ಲಿ, ಎಂಬತ್ತರ ಹತ್ತಿರದವರು. "ಅಮ್ಮ ಸಾವಿನ ಸುದ್ದಿ ಕೇಳಿ ಹೀಗೆ ಸ್ನಾನ ಮಾಡಿದ್ದು ಊರಲ್ಲಿ ಅವರ ತಂಗಿ ಹೋದಾಗ. ಅದು ಬಿಟ್ಟರೆ ಈಗ" ಎಂದು ಸೊಸೆ ಹೇಳಿದರಂತೆ. ಆಮೇಲೆ ಜ್ವರ ಬಂದು ಮೂರು ದಿನ ಮಲಗಿದ್ದರು. ಒಪ್ಪೊತ್ತು ಊಟ.

ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸರೂ ಅಲ್-ಅಝರಿನ ಮಹಾ ಇಮಾಮರೂ ಮಾನವ ಸಹೋದರತ್ವದ ದಸ್ತಾವೇಜಿಗೆ ಸಹಿ ಹಾಕಿದ ಚಿತ್ರ ಪತ್ರಿಕೆಯಲ್ಲಿ ಬಂತು. ಕೆಳಗೆ ಹೋಗಿ ಅಜ್ಜಿಯ ಕಾಲ ಬಳಿ ಕೂತಿದ್ದಾಗ ಆ ಪತ್ರಿಕೆ ಅವರ ಮಂಚದ ಮೇಲೆಯೇ ಬಿದ್ದಿತ್ತು, ಅದರ ಮೇಲೆ ಸುಲಿದ ಬಟಾಣಿಯ ಸಿಪ್ಪೆ. ನಾನು ಏನು ತಪ್ಪು ತಿಳಿದಿದ್ದೆ ಎಂಬುದನ್ನು ಅವರಿಗೆ ಹೇಳಲಿಲ್ಲ. ಅವರೂ ಏನೂ ಕೇಳಲಿಲ್ಲ. ಸೆಪ್ಟೆಂಬರ್ ಬಂದಾಗ ಮಾತ್ರ ಕಿಟಕಿಯಿಂದ ಕರೆದು, "ಬಾಯಮ್ಮ ಇಲ್ಲ ಅಂತ ಕದಿರು ತರಿಸೋದು ಬಿಟ್ಟೆಯೇನೋ?" ಎಂದು ಗದರಿಸಿದರು. ತರಿಸಿದೆ.

ರಾಯರು ನಿವೃತ್ತರಾಗಿ 2021ರಲ್ಲಿ ತಾಯಿಯನ್ನು ಕರೆದುಕೊಂಡು ಊರಿಗೆ ಹೋದರು. ಆ ಮನೆಗೆ ಹರಿಯಾಣದ ಕುಟುಂಬವೊಂದು ಬಂತು. ಮನೆಗೆ ಬಣ್ಣ ಬಳಿದವರು ಬಾಗಿಲ ಮೇಲಿನ ಮೊಳೆ, ಅದಕ್ಕೆ ಕಟ್ಟಿದ್ದ ಒಣಗಿದ ತೆನೆ ಯಾವುದನ್ನೂ ಕೀಳದೆ ಅದರ ಮೇಲೆಯೇ ಕುಂಚ ಆಡಿಸಿ ಹೋಗಿದ್ದರು. ಹೊಸ ಯಜಮಾನರು ಒಂದು ದಿನ ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, ಬೆರಳು ತೋರಿಸಿ, ಇದೇನೆಂದು ಕೇಳಿದರು. "ಧಾನ್" ಎಂದೆ. ಯಾರದು ಎಂದರು. ನನಗೆ ಸ್ವಲ್ಪ ಹೊತ್ತು ಹಿಂದಿ ಬರಲಿಲ್ಲ.